ಅಪ್ಪನ ಬಲಗಡೆಯ ಜಾಗ

ನಮ್ಮ ಮನೆಯ ಟಿವಿ ಒಂದು ವರ್ಷದಿಂದ ಬಾಯಿ ಮುಚ್ಚಿಕೊಂಡಿದೆ. ಕೆಟ್ಟಿಲ್ಲ. ರಿಮೋಟಿನಲ್ಲಿ ಸದ್ದಡಗಿಸುವ ಗುಂಡಿ ಒತ್ತಿ ನಾನೇ ಅದನ್ನು ಸುಮ್ಮನಾಗಿಸುತ್ತೇನೆ. ವಾರ್ತೆ ಓದುವವರು ಮೇಜು ಕುಟ್ಟುತ್ತಾರೆ, ಧಾರಾವಾಹಿಯ ಅತ್ತೆಯಂದಿರು ಕಣ್ಣರಳಿಸುತ್ತಾರೆ, ಯಾರೋ ಹೊಸ ಸೋಪಿನಲ್ಲಿ ಬಟ್ಟೆ ಒಗೆದು ಆಕಾಶ ನೋಡಿಕೊಂಡು ನಗುತ್ತಾರೆ. ನಾನು ಎಲ್ಲವನ್ನೂ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿರುತ್ತೇನೆ. ನನ್ನ ಹೆಂಡತಿ ಶಾರದೆಗೆ ಇದು ಸರಿಬರುವುದಿಲ್ಲ. ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಧಾರಾವಾಹಿಯನ್ನು ಕಿವಿಯಲ್ಲೇ ನೋಡುವವಳು. "ನೋಡೋದಾದ್ರೆ ನೋಡಿ, ಇಲ್ದಿದ್ರೆ ಆರಿಸಿ. ಇದೇನು ಮನೇಲಿ ಮೀನಿನ ತೊಟ್ಟಿ ಇಟ್ಕೊಂಡಂಗೆ" ಎನ್ನುತ್ತಾಳೆ.

ಅವಳ ಮಾತಿನಲ್ಲಿ ನ್ಯಾಯವಿದೆ. ಅಲ್ಲದೆ ನಾನು ಹುಟ್ಟಾ ಮಾತುಗಾರ. ನೆಲಮಂಗಲದ ಗೋದಾಮೊಂದರಲ್ಲಿ ಲಾರಿಗಳಿಗೆ ಸರಕು ತುಂಬಿಸುವುದನ್ನು ನೋಡಿಕೊಳ್ಳುವ ಕೆಲಸ ನನ್ನದು. ದೊಡ್ಡಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಪಕ್ಕದಲ್ಲಿ ಕೂತವರ ಊರು, ಮಕ್ಕಳು, ಮಂಡಿನೋವು, ಹಾಕಿಸಿದ ಬೋರ್‌ವೆಲ್ಲಿನ ಆಳ ಇಷ್ಟನ್ನೂ ತಿಳಿದುಕೊಳ್ಳದೆ ನಾನು ಬಸ್ಸಿನಿಂದ ಇಳಿದದ್ದೇ ಇಲ್ಲ. ನನ್ನನ್ನು ಕಂಡರೆ ಕೆಲವರು ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಾರೆಂಬ ಅನುಮಾನವೂ ನನಗಿದೆ. ಇಂಥವನಿಗೆ ಮಾತಿಲ್ಲದ ಸಿನಿಮಾದ ಹುಚ್ಚು ಹಿಡಿಯಿತೆಂದರೆ ಯಾರು ನಂಬುತ್ತಾರೆ? ನೀವಾದರೂ ಸ್ವಲ್ಪ ಕೇಳಿಸಿಕೊಳ್ಳಿ.

ಅದಕ್ಕೆ ಮೊದಲು ನಮ್ಮೂರಿನ ಸದ್ದಿನ ವಿಷಯ ಹೇಳಬೇಕು. ದೊಡ್ಡಬಳ್ಳಾಪುರ ಮಗ್ಗದ ಊರು. ಕರೆಂಟಿನ ಮಗ್ಗ. ನಾನು ಬೆಳೆದ ಬೀದಿಯಲ್ಲಿ ಮನೆಗಳ ಮುಂಭಾಗದಲ್ಲಿ ಮಗ್ಗಗಳಿದ್ದವು, ಹಿಂಭಾಗದಲ್ಲಿ ಸಂಸಾರವಿತ್ತು. ಲಾಳಿ ಅತ್ತಿಂದಿತ್ತ ಬಡಿಯುವ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಅಲುಗುತ್ತಿತ್ತು, ಲೋಟದ ನೀರಿನಲ್ಲಿ ಸಣ್ಣ ಉಂಗುರಗಳೇಳುತ್ತಿದ್ದವು. ಆ ಸದ್ದಿನಲ್ಲೇ ನಾವು ಮಗ್ಗಿ ಬಾಯಿಪಾಠ ಮಾಡಿದೆವು, ಆ ಸದ್ದಿನಲ್ಲೇ ಮಲಗಿದೆವು. ನಿಜ ಹೇಳಬೇಕೆಂದರೆ ಅದು ನಮಗೆ ಕೇಳಿಸುತ್ತಲೇ ಇರಲಿಲ್ಲ. ಕರೆಂಟು ಹೋದಾಗ ಮಾತ್ರ ಇಡೀ ಬೀದಿ ಗಕ್ಕನೆ ನಿಂತು, ಏನೋ ಆಗಬಾರದ್ದು ಆಯಿತೆಂಬಂತೆ ಎಲ್ಲರೂ ಬಾಗಿಲಿಗೆ ಬರುತ್ತಿದ್ದರು. ಆ ಮೊದಲ ಗಳಿಗೆಯಲ್ಲೊಂದು ತಮಾಷೆಯಿತ್ತು. ಯಾರೋ ಮಗ್ಗದ ಸದ್ದಿನ ಮೇಲೆ ಕೂಗಿ ಹೇಳುತ್ತಿದ್ದ ಮಾತಿನ ಬಾಲ ಆ ಮೌನದಲ್ಲಿ ಬೀದಿಗೆ ಬಂದು ಬೀಳುತ್ತಿತ್ತು. ಎದುರು ಮನೆಯವರು ತಮ್ಮ ಮಗಳಿಗೆ ನೋಡಿದ ವರನಿಗೆ ಹಲ್ಲು ಉಬ್ಬು ಎಂಬ ಸಂಗತಿ ಊರಿಗೆ ತಿಳಿದದ್ದು ಹಾಗೆ.

ನನ್ನ ಅಪ್ಪ ಮುನಿಯಪ್ಪ ರಾಜಘಟ್ಟದ ಕಡೆಯವನು. ಅಲ್ಲಿದ್ದ ತುಂಡು ಹೊಲದ ರಾಗಿಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ಉಣ್ಣುವುದಾಗದೆಂದು, ಮದುವೆಗೆ ಮೊದಲೇ ಇಲ್ಲಿಗೆ ಬಂದು ಮಗ್ಗಕ್ಕೆ ನಿಂತ. ಹನ್ನೆರಡು ಮಗ್ಗಗಳ ಶೆಡ್ಡು. ಅಪ್ಪ ನಿಲ್ಲುವ ಕಡೆ ಬಲಕ್ಕೆ ಗೋಡೆ, ಎಡಕ್ಕೆ ಉಳಿದೆಲ್ಲ ಮಗ್ಗಗಳು. ಹಾಗಾಗಿ ಎಡಗಿವಿ ಮೊದಲು ಹೋಯಿತು, ಬಲಗಿವಿ ಅರ್ಧ ಉಳಿಯಿತು. ಇದು ವೈದ್ಯರ ಮಾತಲ್ಲ, ಅಪ್ಪನೇ ಹುಡುಕಿಕೊಂಡ ಕಾರಣ. ಹೋದ ಕಿವಿಯ ಬಗ್ಗೆ ಅವನಿಗೆ ದೂರಿರಲಿಲ್ಲ. ಕೆಲಸಕ್ಕೆ ಸೇರಿದವರಿಗೆ ಕೈಗೆ ಎಣ್ಣೆಯ ಕಲೆ ಹತ್ತುವ ಹಾಗೆ ಇದೂ ಒಂದು ಎಂದುಕೊಂಡಿದ್ದ.

ಶೆಡ್ಡಿನೊಳಗೆ ಹೇಗೂ ಯಾರಿಗೂ ಏನೂ ಕೇಳಿಸದು. ಅಲ್ಲಿ ಮಾತೆಲ್ಲ ಕೈಯಲ್ಲಿ, ತುಟಿಯಲ್ಲಿ. ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿದರೆ ಎಳೆ ಕಡಿದಿದೆ ಎಂದು. ಹೆಬ್ಬೆರಳು ಬಾಯಿಗೆ ಹೋದರೆ ಟೀ. ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ಮೆಲ್ಲನೆ ಒತ್ತಿದರೆ 'ಆಮೇಲೆ'. ಮೀಸೆ ತಿರುವಿದರೆ ಮಾಲೀಕರು ಬಂದರು ಎಂದರ್ಥ. ಸಿನಿಮಾದ ಖಳನಾಯಕನಿಗೂ ಅದೇ ಸನ್ನೆ. ಅದನ್ನು ಬದಲಾಯಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅಪ್ಪನ ಎದುರು ಮಗ್ಗದಲ್ಲಿ ಗೌಸ್ ಸಾಬ್ ಎಂಬವರಿದ್ದರು. ನನಗೆ ಗೌಸ್ ಚಾಚಾ. ಇಬ್ಬರೂ ಮೂವತ್ತು ವರ್ಷ ಎದುರುಬದುರು ನಿಂತು, ಒಂದು ಮಾತೂ ಆಡದೆ, ದಿನವಿಡೀ ಹರಟುತ್ತಿದ್ದರು. ಊಟದ ಡಬ್ಬಿ ಕೊಡಲು ಹೋದ ನಾನು ಬಾಗಿಲಲ್ಲಿ ನಿಂತು ಆ ಹರಟೆ ನೋಡುತ್ತಿದ್ದೆ. ಅರ್ಧ ಅರ್ಥವಾಗುತ್ತಿತ್ತು, ಉಳಿದದ್ದು ದೊಡ್ಡವರ ವಿಷಯವಿರಬೇಕೆಂದು ಊಹಿಸಿ ಖುಷಿಪಡುತ್ತಿದ್ದೆ.

ಅಪ್ಪನಿಗಿದ್ದ ಒಂದೇ ಶೋಕಿ ಸಿನಿಮಾ. ವಾರದ ರಜೆಯ ದಿನ ತಲೆಗೆ ಹರಳೆಣ್ಣೆ ಹಚ್ಚಿ, ಬಿಳಿ ಅಂಗಿ ಹಾಕಿಕೊಂಡು ನನ್ನನ್ನು ಮ್ಯಾಟಿನಿಗೆ ಕರೆದೊಯ್ಯುತ್ತಿದ್ದ. ಅಮ್ಮನಿಗೆ ಸಿನಿಮಾ ಅಂದರೆ ತಲೆನೋವು, ತಂಗಿ ಇನ್ನೂ ತೊಟ್ಟಿಲಲ್ಲಿ. ಗಾಂಧಿ ಕ್ಲಾಸಿನ ಬೆಂಚಿನಲ್ಲಿ ನನ್ನ ಜಾಗ ಅಪ್ಪನ ಬಲಗಡೆ. ಆ ಜಾಗದಲ್ಲಿ ಬೇರೆ ಯಾರಾದರೂ ಕೂತಿದ್ದರೆ ಅಪ್ಪ ಅವರನ್ನು ಕೈಮುಗಿದು ಎಬ್ಬಿಸುತ್ತಿದ್ದ. ಸಿನಿಮಾ ಶುರುವಾಗಿ ಯಾರಾದರೂ ಬಾಯಿ ತೆರೆದರೆ ಸಾಕು, ಅವನು ನನ್ನ ಕಡೆ ಬಾಗುತ್ತಿದ್ದ.

"ಏನಂದ್ಲಾ ಅವ್ನು?"

ಚಿಕ್ಕವನಿದ್ದಾಗ ನಾನು ಒಂದು ಮಾತೂ ಬಿಡದೆ ಹೇಳುತ್ತಿದ್ದೆ. ಬೆಂಚಿನ ಮೇಲೆ ಮಂಡಿಯೂರಿ, ಎರಡು ಕೈಯನ್ನೂ ಕೊಳವೆ ಮಾಡಿ ಅವನ ಬಲಗಿವಿಗೆ ಇಟ್ಟು ಊದುತ್ತಿದ್ದೆ. ಹರಳೆಣ್ಣೆಯ ಜೊತೆ ಮಗ್ಗದ ಎಣ್ಣೆಯ ವಾಸನೆ ಬೆರೆತಿರುತ್ತಿತ್ತು. ಎಷ್ಟು ತೊಳೆದುಕೊಂಡರೂ ಕಿವಿಯ ಹಿಂದಿನ ಕೂದಲಲ್ಲಿ ಒಂದೆರಡು ರೇಷ್ಮೆ ನಾರು ಸಿಕ್ಕಿಕೊಂಡಿರುತ್ತಿದ್ದವು. ನಾಯಕನ ಗರ್ಜನೆ, ನಾಯಕಿಯ ಬಿನ್ನಾಣ, ತಾಯಿಯ ಗೋಳು ಎಲ್ಲವನ್ನೂ ನಾನೇ ದನಿ ಬದಲಿಸಿ ಒದಗಿಸುತ್ತಿದ್ದೆ. ನಾನು ಮಾತು ಕಲಿತದ್ದು ಶಾಲೆಯಲ್ಲಲ್ಲ, ಆ ಬಲಗಿವಿಯಲ್ಲಿ.

ಹೈಸ್ಕೂಲಿಗೆ ಬಂದ ಮೇಲೆ ಸೋಮಾರಿಯಾದೆ. ಅಪ್ಪನಿಗೆ ಹೇಳುತ್ತಾ ಕೂತರೆ ನನಗೆ ಮುಂದಿನ ಮಾತು ತಪ್ಪಿಹೋಗುತ್ತಿತ್ತು. ತೆರೆಯ ಮೇಲೆ ಗಂಡ ಹೆಂಡತಿ ಐದು ನಿಮಿಷ ಮಾತಾಡಿದರೆ ನಾನು "ಜಗಳ ಆಡ್ತಾವ್ರೆ" ಎಂದು ಮುಗಿಸುತ್ತಿದ್ದೆ. ಸಾಯುವ ತಾಯಿ ಮಗನ ಕೈ ಹಿಡಿದು ಇಡೀ ಜನ್ಮದ ಗುಟ್ಟು ಹೇಳಿದರೆ "ಏನಿಲ್ಲ, ಸುಮ್ನೆ ಅಳ್ತಾವ್ಳೆ" ಎನ್ನುತ್ತಿದ್ದೆ. ಹಾಸ್ಯದ ದೃಶ್ಯದಲ್ಲಿ ಇಡೀ ಟಾಕೀಸು ನಗುವಾಗ ಅಪ್ಪ ಸುತ್ತ ಒಮ್ಮೆ ನೋಡಿ, ಒಂದು ಗಳಿಗೆ ತಡವಾಗಿ, ತಾನೂ ನಗುತ್ತಿದ್ದ. ನಗುತ್ತಲೇ ನನ್ನ ಕಡೆ ಬಾಗುತ್ತಿದ್ದ. ನಾನು ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ಒತ್ತುತ್ತಿದ್ದೆ. ಆಮೇಲೆ ಹೇಳ್ತೀನಿ. ಆ ಆಮೇಲೆ ಎಂಬುದು ಬಂದದ್ದೇ ಇಲ್ಲ. ಟಾಕೀಸಿನಿಂದ ಹೊರಗೆ ಬಂದರೆ ಹುರಿದ ಕಡಲೆಕಾಯಿ, ಬಿಸಿಲು, ಸೈಕಲ್ಲು. ಅಪ್ಪನೂ ನೆನಪು ಮಾಡುತ್ತಿರಲಿಲ್ಲ.

ಇನ್ನು ಅಪ್ಪನ ಗಂಟಲು. ಮಗ್ಗದವರಿಗೆ ಪಿಸುಮಾತು ಬರುವುದಿಲ್ಲ. ತನ್ನ ದನಿ ತನಗೇ ಕೇಳಿಸದವನು ಅದನ್ನು ತಗ್ಗಿಸುವುದಾದರೂ ಹೇಗೆ? ಅವನ "ಏನಂದ್ಲಾ" ಮುಂದಿನ ಆರು ಸಾಲಿಗೆ ತಲುಪುತ್ತಿತ್ತು. ಜನ ತಿರುಗಿ ನೋಡುತ್ತಿದ್ದರು. ನಾನು ಕಾಲೇಜಿಗೆ ಸೇರಿದ ವರ್ಷ, ನನ್ನ ತರಗತಿಯ ನಾಲ್ಕು ಹುಡುಗರು ಒಂದು ಮ್ಯಾಟಿನಿಯಲ್ಲಿ ನಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮರುದಿನ ತರಗತಿಯಲ್ಲಿ ಮೇಷ್ಟ್ರು ಏನೋ ಹೇಳಿ ಮುಗಿಸಿದ ಕೂಡಲೇ ಹಿಂದಿನಿಂದ ಒಬ್ಬ ಅದೇ ದನಿಯಲ್ಲಿ "ಏನಂದ್ಲಾ ಅವ್ನು?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮುಂದಿನ ವಾರವೂ ಅಪ್ಪನೊಂದಿಗೆ ಹೋದೆ. ಹುಡುಗರು ಅವತ್ತೂ ಬಂದಿದ್ದರು. ಇಂಟರ್‌ವಲ್ಲಿನಲ್ಲಿ ಸೋಡಾ ಕುಡಿಯಲು ಎದ್ದುಹೋದ ನಾನು, ದೀಪ ಆರಿದ ಮೇಲೆ ಬಂದು ಅಪ್ಪನ ಎಡಗಡೆ ಕೂತೆ.

ಇಷ್ಟೇ ನಾನು ಮಾಡಿದ್ದು. ಬೈಯಲಿಲ್ಲ, ಎದುರು ಮಾತಾಡಲಿಲ್ಲ. ಎಡಗಡೆ ಕೂತೆ. ಬಲಗಡೆಯ ಜಾಗ ಖಾಲಿಯೇ ಇತ್ತು, ಅಪ್ಪ ಅಲ್ಲಿ ಟವಲ್ ಹಾಕಿ ಹಿಡಿದಿಟ್ಟಿದ್ದ. ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ಯಾರೋ ಏನೋ ಹೇಳಿದರು, ಅಪ್ಪ ರೂಢಿಯಂತೆ ಬಲಕ್ಕೆ ಬಾಗಿದ. ಅಲ್ಲಿ ಟವಲಿತ್ತು. ಆಮೇಲೆ ಎಡಕ್ಕೆ ತಿರುಗಿ ನನ್ನನ್ನು ನೋಡಿದ. ನಾನು ಕಣ್ಣು ತೆಗೆಯದೆ ತೆರೆಯನ್ನೇ ನೋಡುತ್ತಿದ್ದೆ. ಅವನು ನನ್ನ ಮುಖವನ್ನು ಎಷ್ಟು ಹೊತ್ತು ನೋಡಿದನೋ ತಿಳಿಯದು. ಏನೂ ಕೇಳಲಿಲ್ಲ. ಮುಂದೆ ತಿರುಗಿ, ಕೈಕಟ್ಟಿಕೊಂಡು, ಸಿನಿಮಾ ಮುಗಿಯುವವರೆಗೆ ನೆಟ್ಟಗೆ ಕೂತಿದ್ದ. ಮನೆಗೆ ಹೋಗುವ ದಾರಿಯಲ್ಲಿ "ಚೆನ್ನಾಗಿತ್ತು ಅಲ್ವಾ" ಎಂದ. ಹ್ಞೂಂ ಎಂದೆ.

ಮರುವಾರ ಬಿಳಿ ಅಂಗಿ ಹಾಕಿಕೊಳ್ಳಲಿಲ್ಲ. "ನೀನು ಹುಡುಗ್ರ ಜೊತೆ ಹೋಗ್ಬಾ ಕಣೋ. ನಂಗೆ ಸೊಂಟ ಹಿಡ್ಕೊಂಡೈತೆ" ಎಂದ. ಅದರ ಮುಂದಿನ ವಾರವೂ ಸೊಂಟ ಬಿಡಲಿಲ್ಲ. ಮತ್ತೆಂದೂ ಅವನು ಟಾಕೀಸಿಗೆ ಬರಲಿಲ್ಲ. ನನಗೆ ಆಗ ಏನನ್ನಿಸಿತು ಎಂದು ಕೇಳಿದರೆ, ಹಗುರವಾಯಿತು. ಅದನ್ನು ಮುಚ್ಚಿಟ್ಟು ಈ ಪ್ರಬಂಧ ಬರೆಯುವುದರಲ್ಲಿ ಅರ್ಥವಿಲ್ಲ.

ಕೆಲಸ ಸಿಕ್ಕ ಮೇಲೆ ಅಪ್ಪನಿಗೆ ಕಿವಿಗೆ ಹಾಕುವ ಮೆಷಿನ್ ತಂದುಕೊಟ್ಟೆ. ನನ್ನ ಬದಲು ಅದು ಹೇಳಲಿ ಎಂದೋ ಏನೋ. ಅವನು ಎರಡು ದಿನ ಹಾಕಿಕೊಂಡು ನೋಡಿ, "ಇದ್ರಲ್ಲಿ ಮಗ್ಗದ ಸದ್ದೇ ದೊಡ್ದಾಗಿ ಕೇಳುತ್ತೆ, ಮಾತು ಕೇಳಲ್ಲ" ಎಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಬಿಟ್ಟ. ಆರು ವರ್ಷದ ಹಿಂದೆ ಅವನು ಹೋದ. ಡಬ್ಬಿ ಈಗಲೂ ಬೀರುವಿನಲ್ಲಿದೆ. ಅದನ್ನು ನಾನು ತೆರೆಯುವುದಿಲ್ಲ.

ಈಗ ಮಾತಿಲ್ಲದ ಸಿನಿಮಾಕ್ಕೆ ಬರುತ್ತೇನೆ. ನಮ್ಮೂರಿನ ಶಾಲೆಯೊಂದರ ಹಾಲಿನಲ್ಲಿ ಕೆಲವು ಮೇಷ್ಟ್ರುಗಳು ಸೇರಿಕೊಂಡು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಾರೆ. ಅದರ ಮುಖಂಡ ನನ್ನ ಬಾಲ್ಯದ ಗೆಳೆಯ, ಡ್ರಾಯಿಂಗ್ ಮೇಷ್ಟ್ರು ನಾಗರಾಜ. ಹೋದ ವರ್ಷ ಒಂದು ಬೆಳಿಗ್ಗೆ ಅವನು ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದುಕೊಂಡ.

"ಕಿಟ್ಟಿ, ಈ ಸಲ ತಪ್ಪಿಸ್ಬೇಡ. ಮಾತೇ ಇಲ್ಲದ ಸಿನಿಮಾ."

"ಹಳೇದಾ?"

"ಹಳೇದಲ್ಲ ಗುರು, ಮೊನ್ನೆ ಮೊನ್ನೆ ತೆಗ್ದಿರೋದು. ಕಲರ್ರೇ. ಬೇಕಂತಲೇ ಮಾತಿಲ್ದೆ ತೆಗ್ದವ್ರೆ."

"ಮಾತು ಸಿಗೋ ಕಾಲದಲ್ಲಿ ಮಾತಿಲ್ದೆ ಯಾಕೆ ತೆಗೀಬೇಕು?"

"ನಿನ್ನಂಥವ್ರು ಒಂದೂವರೆ ಗಂಟೆ ಸುಮ್ನಿರ್ಲಿ ಅಂತ" ಎಂದು ಹೇಳಿ ಹೋದ.

ಬಸ್ಸು ಹತ್ತಿ ಕೂತೆ. ಅವತ್ತು ಪಕ್ಕದವರನ್ನು ಏನೂ ಕೇಳಲಿಲ್ಲ. ಮಾತೇ ಇಲ್ಲದ ಸಿನಿಮಾ. ಅಪ್ಪ ಬಿಳಿ ಅಂಗಿ ಹಾಕಿಕೊಂಡು, ಯಾರ ಕಡೆಗೂ ಬಾಗದೆ, ಯಾರನ್ನೂ ಏನಂದ ಎಂದು ಕೇಳದೆ, ಎಲ್ಲರೂ ನಗುವಾಗಲೇ ನಕ್ಕು ಬರಬಹುದಾಗಿದ್ದ ಸಿನಿಮಾ. ಅದನ್ನು ಇಷ್ಟು ತಡವಾಗಿ ತೆಗೆದವರ ಮೇಲೆ ನನಗೆ ಸಿಟ್ಟು ಬಂತು. ಸಿಟ್ಟು ಅವರ ಮೇಲಲ್ಲ ಎಂದು ತಿಳಿಯುವಷ್ಟರಲ್ಲಿ ನೆಲಮಂಗಲ ಬಂದಿತ್ತು.

ಆಗ ನೆನಪಾದವರು ಗೌಸ್ ಚಾಚಾ. ಎಂಬತ್ತರ ಹತ್ತಿರ ಹತ್ತಿರ, ಎರಡೂ ಕಿವಿ ಪೂರ್ತಿ ಹೋಗಿವೆ. ಭಾನುವಾರ ಸ್ಕೂಟರಿನಲ್ಲಿ ಅವರ ಮನೆಗೆ ಹೋದೆ. ಬಾಗಿಲು ತೆರೆದ ಸೊಸೆ "ಕರ್ಕೊಂಡೋಗಿ ಅಣ್ಣ, ಮನೇಲಿ ಕೂತು ಕೂತು ಬೇಜಾರಾಗೈತೆ ಅವ್ರಿಗೆ" ಎಂದಳು. ಚಾಚಾ ನನ್ನ ತುಟಿ ನೋಡಿ ವಿಷಯ ತಿಳಿದುಕೊಂಡರು. ಕುರ್ತಾ ಬದಲಿಸಿ, ಅತ್ತರು ಹಚ್ಚಿಕೊಂಡು, ಟೋಪಿ ಸರಿಮಾಡಿಕೊಂಡು ಬಂದು ಹಿಂದೆ ಕೂತರು. ಅಪ್ಪನನ್ನೇ ಕರೆದೊಯ್ಯುತ್ತಿದ್ದೇನೆಂದು ದಾರಿಯುದ್ದಕ್ಕೂ ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಹಾಲಿನಲ್ಲಿ ಮೂವತ್ತು ಜನರಿದ್ದರು. ಚಾಚಾ ಅವರನ್ನು ಕುರ್ಚಿಯಲ್ಲಿ ಕೂರಿಸಿ, ನಾನು ಅವರ ಬಲಗಡೆ ಕೂತೆ. ಎರಡೂ ಕಿವಿ ಇಲ್ಲದವರಿಗೆ ಬಲವೇನು, ಎಡವೇನು. ಆದರೂ ಬಲಗಡೆಯೇ ಕೂತೆ.

ಸಿನಿಮಾ ಒಬ್ಬ ಮುದುಕ ದರ್ಜಿಯದು. ಸಣ್ಣ ಅಂಗಡಿ, ಒಂದು ಹೊಲಿಗೆ ಯಂತ್ರ, ಸೂಜಿ ಚುಚ್ಚಿಡುವ ಕೆಂಪು ಬಟ್ಟೆಯ ಒಂದು ಉಂಡೆ. ಬೆಳಿಗ್ಗೆ ಅವನಿಗಿಂತ ಮುಂಚೆ ಹೆಂಡತಿ ಬಂದು ಕಸ ಗುಡಿಸಿ, ಮೇಜು ಒರೆಸಿ, ಆ ಉಂಡೆಯ ಹತ್ತಿರ ಏನೋ ಮಾಡಿ ಹೊರಟುಹೋಗುತ್ತಾಳೆ. ಅವನು ಬಂದು ಹೊಲಿಯುತ್ತಾನೆ. ಮತ್ತೆ ಬೆಳಿಗ್ಗೆ, ಮತ್ತೆ ಅದೇ. ಕತ್ತರಿಯ ಸದ್ದು, ಬೀದಿಯ ಗಾಳಿಯ ಸದ್ದು ಇದ್ದವು, ಒಂದು ಮಾತಿಲ್ಲ. ಮೊದಲ ಹತ್ತು ನಿಮಿಷ ನನಗೆ ಬಾಯಿ ತುರಿಸಿತು. ಕೆಲವರು ಎದ್ದುಹೋದರು. ಆಮೇಲೆ ನಿಧಾನವಾಗಿ ಏನೋ ಆಗತೊಡಗಿತು. ಆ ಮುದುಕಿ ಬಾಗಿಲು ಮುಚ್ಚುವ ಮೊದಲು ಒಂದು ಸಲ ತಿರುಗಿ ನೋಡುವುದು, ಅವನು ಕನ್ನಡಕವನ್ನು ಅಂಗಿಯ ತುದಿಯಲ್ಲಿ ಮತ್ತೆ ಮತ್ತೆ ಒರೆಸುವುದು, ಇಂಥವು ಕಾಣತೊಡಗಿದವು. ಮಾತಿರುವ ಸಿನಿಮಾದಲ್ಲಿ ನಾನು ಯಾರ ಕೈಯನ್ನೂ ನೋಡಿದವನಲ್ಲ. ಅಲ್ಲಿ ಕಣ್ಣು ಆಕಳಿಸಿದರೂ ಕಿವಿ ಕಾವಲಿರುತ್ತದೆ. ಇಲ್ಲಿ ಹಾಗಲ್ಲ, ಎದುರಿಗಿರುವ ಮನುಷ್ಯನನ್ನು ನೋಡಲೇಬೇಕು. ಇದರ ಸುಖ ಇದೇ ಇರಬೇಕೆಂದು ನನಗೆ ಹೊಳೆಯಿತು. ಜೊತೆಗೆ ಒಂದು ಸಂಕಟ. ಅಪ್ಪ ಎಲ್ಲ ಸಿನಿಮಾಗಳನ್ನೂ ಹೀಗೇ ನೋಡಿದ್ದನಲ್ಲ. ನನ್ನ ಮುಖವನ್ನೂ ಹೀಗೇ ನೋಡಿದ್ದನಲ್ಲ.

ಕಥೆಯಲ್ಲಿ ಹೆಂಡತಿ ಜ್ವರ ಬಂದು ಮಲಗಿದಳು. ದರ್ಜಿ ಅಂಗಡಿ ತೆರೆದ, ಸುಮ್ಮನೆ ಕೂತ. ಬಂದವರನ್ನು ವಾಪಸು ಕಳಿಸಿದ. ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನು ಗುರುಗುಟ್ಟಿತು. ತೆಗೆದು ನೋಡಿದರೆ ಗೋದಾಮಿನ ಗುಂಪಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕಿನ ಚಿತ್ರ. ಅದಕ್ಕೊಂದು ಹೂವಿನ ಗುರುತು ಕಳಿಸಿ ತಲೆಯೆತ್ತಿದೆ. ಒಂದು ನಿಮಿಷ ಆಗಿರಬಹುದು. ತೆರೆಯ ಮೇಲೆ ಹೆಂಡತಿ ಅಂಗಡಿಗೆ ಬಂದು, ಆ ಕೆಂಪು ಉಂಡೆಯ ಮುಂದೆ ಬಾಯಿಗೆ ಕೈಯಿಟ್ಟುಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು. ಸಿನಿಮಾ ಮುಗಿಯಿತು, ದೀಪ ಹತ್ತಿತು. ಪಕ್ಕದಲ್ಲಿ ಗೌಸ್ ಚಾಚಾ ಟೋಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ನನಗೆ ಏನೂ ತಿಳಿಯಲಿಲ್ಲ. ನಾಚಿಕೆ ಬಿಟ್ಟು ಅವರ ಭುಜ ಮುಟ್ಟಿ, ಅವರಿಗೆ ಕಾಣುವಂತೆ ತುಟಿ ಅಗಲಿಸಿ ಕೇಳಿದೆ. "ಏನಾಯ್ತು ಚಾಚಾ? ಯಾಕೆ ಅತ್ಳು?"

ಅವರು ನನ್ನ ಕಡೆ ಪೂರ್ತಿ ತಿರುಗಿ ಕೂತರು. ಜನ ಕುರ್ಚಿ ಎತ್ತಿ ಜೋಡಿಸುತ್ತಿದ್ದರೂ ಗಮನಿಸದೆ, ಮೊದಲಿನಿಂದ ಕೈಯಲ್ಲಿ ಹೇಳತೊಡಗಿದರು. ದರ್ಜಿಗೆ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಲಾರ. ಹೆಂಡತಿ ದಿನಾ ಬೆಳಿಗ್ಗೆ ಬಂದು ಸಾಲಾಗಿ ಸೂಜಿಗಳಿಗೆ ದಾರ ಹಾಕಿ ಚುಚ್ಚಿಟ್ಟು ಹೋಗುತ್ತಾಳೆ, ತನಗೆ ತಿಳಿದಿದೆ ಎಂದು ತೋರಿಸಿಕೊಳ್ಳುವುದಿಲ್ಲ. ಅವನಿಗೂ ಅದು ಗೊತ್ತು, ಅವನೂ ತೋರಿಸಿಕೊಳ್ಳುವುದಿಲ್ಲ. ಅವಳು ಮಲಗಿದ ದಿನ ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು, ಬೆರಳು ಚುಚ್ಚಿಸಿಕೊಂಡು, ಒಂದೇ ಒಂದು ಸೂಜಿಗೆ ದಾರ ಹಾಕಿ, ಅವಳು ಬಂದರೆ ಕಾಣಲಿ ಎಂದು ಉಂಡೆಯ ನಡುವೆ ಚುಚ್ಚಿಟ್ಟ. ಚಾಚಾ ಆ ದಾರವನ್ನು ತಮ್ಮ ಎರಡು ಬೆರಳಿನಲ್ಲಿ ಎಷ್ಟು ಸೂಕ್ಷ್ಮವಾಗಿ ಹಿಡಿದು ತೋರಿಸಿದರೆಂದರೆ ನನಗೆ ದಾರದ ಬಣ್ಣವೂ ಕಂಡಿತು. ಮಗ್ಗದವರ ಕಣ್ಣಿಗೆ ಎಳೆ ತಪ್ಪುವುದಿಲ್ಲ. ಕಾಲು ಗಂಟೆ ಹೇಳಿದರು. ಅಪ್ಪನ ಬಲಗಿವಿಯಲ್ಲಿ ನಾನು "ಏನಿಲ್ಲ, ಸುಮ್ನೆ ಅಳ್ತಾವ್ಳೆ" ಎಂದು ಮುಗಿಸುತ್ತಿದ್ದ ಜಾಗ ಅದು.

ಹೊರಗೆ ಬಂದು ಟೀ ಅಂಗಡಿಯಲ್ಲಿ ಕೂತೆವು. ಅಲ್ಲಿ ಚಾಚಾ ಬಾಯಿ ತೆರೆದರು. ತನ್ನ ದನಿ ತನಗೇ ಕೇಳಿಸದ ಮಗ್ಗದವರ ಗಂಟಲು. ಟೀ ಸೋಸುತ್ತಿದ್ದವನು, ಬೋಂಡ ತಿನ್ನುತ್ತಿದ್ದವರು, ಆಚೆ ಆಟೋದಲ್ಲಿ ಮಲಗಿದ್ದವನು ಎಲ್ಲರೂ ತಿರುಗಿ ನೋಡಿದರು.

"ನಿಮ್ಮಪ್ಪಾನೂ ಹಿಂಗೇ ನಮಗೆ ಸಿನಿಮಾ ತೋರಿಸ್ತಿದ್ದ ಬೇಟಾ. ರಜೆ ಮುಗಿಸಿ ಬಂದ್ರೆ ಸಾಕು, ಶೆಡ್ಡಲ್ಲಿ ಇಡೀ ವಾರ ಅದೇ. ಟಿಕೇಟಿಲ್ದೆ ಎಲ್ಲ ಸಿನಿಮಾ ನೋಡ್ದೋರು ನಾವು. ನನ್ ಮಗ ಹೇಳ್ದ, ನನ್ ಮಗ ಹೇಳ್ದ ಅಂತ ಒಂದು ಮಾತೂ ಬಿಡ್ತಿರ್ಲಿಲ್ಲ."

'ನನ್ ಮಗ' ಎನ್ನುವಾಗ ಅವರು ಸೊಂಟದ ಹತ್ತಿರ ಅಂಗೈ ಇಟ್ಟು ತೋರಿಸಿದರು. ಆಮೇಲೆ ಎದೆಯ ಹತ್ತಿರ, ಆಮೇಲೆ ಭುಜದ ಹತ್ತಿರ. ಆ ಶೆಡ್ಡಿನ ಕೈಮಾತಿನಲ್ಲಿ ನನ್ನ ಹೆಸರು ನನ್ನ ಎತ್ತರವಾಗಿತ್ತು. ವರ್ಷ ವರ್ಷ ಅಪ್ಪ ಅದನ್ನು ಮೇಲೆ ಏರಿಸಿಕೊಂಡು ಹೋಗಿದ್ದ.

"ನಾನು ಅಷ್ಟೆಲ್ಲ ಹೇಳ್ತಿರ್ಲಿಲ್ಲ ಚಾಚಾ" ಎಂದೆ, ತುಟಿಯಲ್ಲಿ.

ಚಾಚಾ ನಕ್ಕರು. "ಗೊತ್ತು ಬಿಡಪ್ಪ. ಒಂದು ಸಿನಿಮಾ ಆಮೇಲೆ ಟಿವೀಲಿ ಬಂದಾಗ ಮೊಮ್ಮಗನ್ನ ಕೂರಿಸ್ಕೊಂಡು, ಮಾತೆಲ್ಲ ಹೇಳಿಸ್ಕೊಂಡು ನೋಡ್ದೆ. ಕಥೇನೇ ಬೇರೆ. ಮುನಿಯಪ್ಪಂದೇ ಚೆನ್ನಾಗಿತ್ತು."

ಟೀ ಬಂತು. ಅವರು ಅದನ್ನು ಮುಟ್ಟದೆ ಏನೋ ನೆನಪು ಮಾಡಿಕೊಂಡರು. "ಆಮೇಲೆ ನಿಲ್ಲಿಸ್ಬಿಟ್ಟ. ಯಾಕಯ್ಯ ಅಂದೆ. ಮಗ ಎಡಗಡೆ ಕೂತ್ಕೊಂಡ, ಅಂದ."

ಬೋಂಡ ತಿನ್ನುವವರಿಗೆ ಇದು ಅರ್ಥವಾಗಿರಲಾರದು. ಆದರೂ ನನ್ನ ಮೈಮೇಲಿನ ಅಂಗಿಯನ್ನು ಯಾರೋ ಬೀದಿಯಲ್ಲಿ ಬಿಚ್ಚಿದಂತಾಯಿತು. ಅಪ್ಪನಿಗೆ ತಿಳಿದಿರಲಿಕ್ಕಿಲ್ಲ, ಜಾಗ ತಪ್ಪಿ ಕೂತೆನೆಂದು ಭಾವಿಸಿರಬೇಕು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

"ಬೇಜಾರಾಯ್ತಾ ಅಂತ ಕೇಳ್ದೆ" ಚಾಚಾ ಅದೇ ಗಂಟಲಿನಲ್ಲಿ ಮುಂದುವರಿಸಿದರು. "ಇಲ್ಲ ಗೌಸು, ಅಂದ. ಪಾಪ, ನಂಗೆ ಹೇಳ್ತಾ ಹೇಳ್ತಾ ನನ್ ಮಗ ಇಲ್ಲೀಗಂಟ ಒಂದು ಸಿನಿಮಾನೂ ಪೂರ್ತಿ ನೋಡಿಲ್ಲ. ಇನ್ಮೇಲಾದ್ರೂ ನೋಡ್ಲಿ, ಅಂದ."

ನಾನು ಲೋಟದ ಟೀಯನ್ನು ನೋಡುತ್ತಾ ಕೂತೆ. ಕೆನೆ ಕಟ್ಟುತ್ತಿತ್ತು.

ಅವರು ನನ್ನ ಮೊಣಕೈ ತಟ್ಟಿ ಮುಖ ಎತ್ತಿಸಿದರು. "ಆ ಕೊನೇ ಸಿನಿಮಾ ಮಾತ್ರ ನಮಗೆ ಹೇಳ್ಲಿಲ್ಲ ನೋಡು. ಮಗನ್ನ ಕೇಳಿ ಹೇಳ್ತೀನಿ ಅಂದ. ಎಷ್ಟು ಸಲ ಕೇಳಿದ್ರೂ, ಕೇಳ್ಬೇಕು ಕಣೋ, ಕೇಳ್ಬೇಕು, ಅನ್ನೋನು. ರಿಟೈರಾಗೋ ತಂಕ ಹಂಗೇ ಅಂದ." ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಈಗಷ್ಟೇ ಸಿನಿಮಾ ಶುರುವಾಗಲಿರುವವರಂತೆ ನನ್ನ ತುಟಿಯ ಮೇಲೆ ಕಣ್ಣಿಟ್ಟರು. "ಏನಪ್ಪಾ ಅದರ ಕಥೆ? ನೀನು ಪೂರ್ತಿ ನೋಡಿದ್ಯಲ್ಲ."

ನಾನು ಬಾಯಿ ತೆರೆದೆ. ಬಸ್ಸಿನಲ್ಲಿ ಯಾರ ಯಾರ ಕಥೆಯನ್ನೋ ನೆನಪಿಟ್ಟುಕೊಂಡು ತಿರುಗುವ ನನಗೆ ಆ ಸಿನಿಮಾದ ಒಂದು ದೃಶ್ಯವೂ ನೆನಪಿರಲಿಲ್ಲ. ನಾಯಕ ಯಾರು, ಹಾಡು ಯಾವುದು, ಯಾರು ಸತ್ತರು, ಯಾರು ಉಳಿದರು, ಏನೂ ಇಲ್ಲ. ಕಣ್ಣಿಗೆ ಕಟ್ಟಿದ್ದು ಒಂದೇ. ತೆರೆಯ ಬೆಳಕು ಬಿದ್ದು ಆರುತ್ತಿದ್ದ ಅಪ್ಪನ ಎಡಗಿವಿ, ಅದರ ಹಿಂದಿನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಒಂದು ರೇಷ್ಮೆ ನಾರು. ಓರೆಗಣ್ಣಿನಲ್ಲಿ ಇಂಟರ್‌ವಲ್ಲಿನಿಂದ ಕೊನೆಯವರೆಗೆ ನಾನು ನೋಡಿದ್ದು ಅದನ್ನೇ.

ಅಂಗಡಿಯವರೆಲ್ಲ ನನ್ನನ್ನು ನೋಡುತ್ತಿದ್ದರು. ನಾನು ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ಮೆಲ್ಲನೆ ಒತ್ತಿದೆ.

ಗೌಸ್ ಚಾಚಾ ತಲೆಯಾಡಿಸಿದರು. "ಆಯ್ತು, ಆಮೇಲೇ ಹೇಳು" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿ, ಆರಿಹೋದ ಟೀಯನ್ನು ಕೈಗೆತ್ತಿಕೊಂಡರು.